ಒಂದೇ ಮಳೆಗೆ ಬಿತ್ತಿದ ಬೆಳೆ

ಮೇ ತಿಂಗಳ 31ನೆಯ ತಾರೀಖು ಬಂದಿತೆಂದರೆ ನಮ್ಮ ರಾಜ್ಯದ ಸರ್ಕಾರಿ ಕಚೇರಿಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಹಾರ ತುರಾಯಿಗಳ ಗಿರಾಕಿ ಏರುತ್ತದೆ. ಇದರ ಕಾರಣ ವಾಚಕರಲ್ಲಿ ಹಲವರಿಗೆ ತಿಳಿದೇ ಇರಬಹುದು. ಹಿಂದೆ ಹಳ್ಳಿಗಳಲ್ಲಿ ಮಗುವಿನ ಜನ್ಮದಿನವನ್ನು ಬರೆದಿಡುವ ವಾಡಿಕೆ ವಿರಳವಾಗಿತ್ತು. ಮಗನನ್ನು ಶಾಲೆಗೆ ಸೇರಿಸಲು ಬಂದ ತಂದೆ ‘ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ ಸ್ವಾಮೀ’ ಎಂದರೆ, ಮೇಷ್ಟರು ಬೆರಳೆಣಿಸಿ ನೋಡಿ, ಶಾಲೆ ತೆರೆಯುವ ಕಾಲಕ್ಕೆ ಅನುಕೂಲವಾಗುವಂತೆ ಜೂನ್ 1 ಎಂದು ದಾಖಲೆಪುಸ್ತಕದಲ್ಲಿ ಬರೆದುಬಿಡುವರು. ತಿಂಗಳ ಮೊದಲನೆಯ ದಿನ ಹುಟ್ಟಿದವನು ಅದರ ಹಿಂದಿನ ದಿನವೇ ನಿವೃತ್ತನಾಗಬೇಕೆಂಬುದು ನಿಯಮವಷ್ಟೆ. ಮೇಷ್ಟರ ಲೇಖನಿಯ ಆ ಒಂದು ಗೀಟು ಐವತ್ತು ವರ್ಷಗಳಿಗೂ ಮೀರಿ ಕಾದಿದ್ದು ಫಲ ಕೊಡುವುದು!

ಮನುಸ್ಮೃತಿಕಾರನು ಗೃಹಸ್ಥನಿಗೆ ಇಂಥ ತಾರೀಖನ್ನು ಕೊಟ್ಟವನಲ್ಲ. ಮೈಯ ಸುಕ್ಕನ್ನೂ ತಲೆಯ ನರೆಯನ್ನೂ ಮಗನ ಮಗನನ್ನೂ ಕಂಡಾಗ ಕಾಡಿಗೆ ಹೊರಡು ಎಂದನು. ಅಂದರೆ ಅವನು ಕೇಳಿದ್ದು ದೇಹವನ್ನು, ನಾವು ಕೇಳುವುದು ಕಾಗದವನ್ನು. ಈ ಕಾಗದದ ವಯಸ್ಸೇ ಈಗ ಒಡೆಯರಿಗೂ ಆಳುಗಳಿಗೂ ದೊಡ್ಡ ಚಿಂತೆಯಾಗಿ ಪರಿಣಮಿಸಿದೆ. ಕಂಪೆನಿಗಳಲ್ಲಿ ಈ ಚಿಂತೆಗೆ ‘ಮಾನವ ಸಂಪನ್ಮೂಲ ನಿರ್ವಹಣೆ’ ಎಂಬ ಹೆಸರುಂಟು. ಮನುಷ್ಯನನ್ನು ಕಲ್ಲಿದ್ದಲು ಕಬ್ಬಿಣಗಳ ಪಂಕ್ತಿಯಲ್ಲಿ ಕೂರಿಸುವ ಈ ಸಮಾಸ ನಮ್ಮ ಕಿವಿಗೆ ಹಿತವಲ್ಲ. ಆದರೆ ವಿಷಯ ಮಾತ್ರ ಸಣ್ಣದಲ್ಲ.

2011ರ ಖಾನೇಷುಮಾರಿಯಲ್ಲಿ ಕರ್ನಾಟಕದ ಜನರಲ್ಲಿ ನೂರಕ್ಕೆ ಸುಮಾರು ಒಂಬತ್ತೂವರೆ ಮಂದಿ ಅರುವತ್ತು ದಾಟಿದವರಿದ್ದರು. ಇತ್ತ ಮನೆಗಳಲ್ಲಿ ತೊಟ್ಟಿಲು ತೂಗುವುದು ಕಡಮೆಯಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಂತೆಯೇ ನಿಲ್ಲಬೇಕಾದರೆ 2.1 ಬೇಕೆಂಬುದು ಬಲ್ಲವರ ಲೆಕ್ಕ. ಇಂದು ಕೆಲಸಕ್ಕೆ ಅರ್ಜಿ ಹಿಡಿದು ನಿಂತ ತರುಣರ ಸಾಲು ಉದ್ದವಾಗಿಯೇ ಕಾಣುತ್ತದೆ, ನಿಜ. ಆದರೆ ಆ ಸಾಲಿನ ಹಿಂದೆ ನಿಲ್ಲತಕ್ಕವರು ಹುಟ್ಟುತ್ತಿರುವುದು ಕಡಮೆ.

ನಮ್ಮ ಅಲ್ಲಾಳಸಂದ್ರದ ಸುತ್ತಮುತ್ತಲೇ ಇದಕ್ಕೆ ಪಾಠಗಳಿವೆ. ಯಲಹಂಕದ ರೈಲುಚಕ್ರಗಳ ಕಾರ್ಖಾನೆ 1984ರಲ್ಲಿ ಉದ್ಘಾಟನೆಯಾಯಿತು. ಅಂದು ಇಪ್ಪತ್ತೈದು ವಯಸ್ಸಿನಲ್ಲಿ ಅಲ್ಲಿಗೆ ಸೇರಿದವನಿಗೆ 2019ರಲ್ಲಿ ಅರುವತ್ತು ತುಂಬಿತು. ಅವನ ಪಕ್ಕದಲ್ಲಿ ನಿಂತು ಕೆಲಸ ಕಲಿತವನಿಗೂ ಹೆಚ್ಚು ಕಡಮೆ ಆಗಲೇ. ಯಾವ ಹೊಸ ಕಾರ್ಖಾನೆಯೂ ಆಳುಗಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತದೆ. ಒಂದೇ ಮಳೆಗೆ ಬಿತ್ತಿದ ಬೆಳೆ ಒಂದೇ ಸಲ ಕೊಯ್ಲಿಗೆ ಬರುತ್ತದೆ. ರೈತನಿಗೆ ಅದು ಸುಗ್ಗಿ. ಕಾರ್ಖಾನೆಗೆ ಮಾತ್ರ ಬರಗಾಲ.

ಜಾಲಹಳ್ಳಿಯ ಎಚ್.ಎಂ.ಟಿ.ಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. 1953ರಲ್ಲಿ ಯಂತ್ರೋಪಕರಣಗಳಿಗಾಗಿ ಹುಟ್ಟಿದ ಆ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರದ ಕಾರ್ಖಾನೆಯನ್ನೂ ಕಟ್ಟಿತು. ಮದುವೆಯ ಉಡುಗೊರೆಯೆಂದರೆ ಎಚ್.ಎಂ.ಟಿ. ಗಡಿಯಾರ ಎನ್ನುವ ಕಾಲವಿತ್ತು. ಬ್ಯಾಟರಿಯ ಗಡಿಯಾರಗಳೂ ಹೊಸ ಪ್ರತಿಸ್ಪರ್ಧಿಗಳೂ ಬಂದ ಮೇಲೆ ನಷ್ಟ ಬೆಳೆಯಿತು. ಸ್ವಯಂನಿವೃತ್ತಿಯ ಯೋಜನೆಗಳು ಬಂದವು. 2016ರ ಜನವರಿಯಲ್ಲಿ ಕೇಂದ್ರ ಸಚಿವಸಂಪುಟ ಗಡಿಯಾರದ ಕಂಪೆನಿಯನ್ನು ಮುಚ್ಚಲು ಒಪ್ಪಿತು. ಅದನ್ನು ಮುಚ್ಚಿಸಿದ್ದು ಆಳುಗಳ ವಯಸ್ಸೆಂದು ನಾವು ಹೇಳುವುದಿಲ್ಲ. ಆದರೆ ಸ್ವಯಂನಿವೃತ್ತಿಯ ಹಣವನ್ನು ಪಡೆದು ಮನೆಗೆ ಬಂದವನ ಬೆರಳುಗಳಲ್ಲಿದ್ದ ವಿದ್ಯೆಗೆ ಯಾರೂ ರಸೀತಿ ಬರೆದುಕೊಡಲಿಲ್ಲ. ಕೂದಲೆಳೆಯಂಥ ಸುರುಳಿಯನ್ನು ಎಷ್ಟು ಬಿಗಿದರೆ ಗಡಿಯಾರ ಮುಂದೋಡದು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಗುರುವಿನ ಮಗ್ಗುಲಲ್ಲಿ ಕುಳಿತು ಕಲಿಯಬೇಕು. ಕುಳಿತುಕೊಳ್ಳಲು ಶಿಷ್ಯನೊಬ್ಬನಾದರೂ ಇರಬೇಡವೆ?

ನಿವೃತ್ತಿಯ ವಯಸ್ಸನ್ನು ಹೆಚ್ಚಿಸಿದರಾಯಿತೆಂಬುದು ಸುಲಭದ ಉತ್ತರ. ನಮ್ಮ ರಾಜ್ಯದ ನೌಕರರಿಗೆ 2008ರಲ್ಲಿ 58 ಇದ್ದುದು 60 ಆಯಿತು. ಜಪಾನಿನಲ್ಲಿ 2021ರ ಕಾನೂನು ಎಪ್ಪತ್ತರವರೆಗೂ ಕೆಲಸದ ಅವಕಾಶ ಕಲ್ಪಿಸಲು ಒಡೆಯರು ಪ್ರಯತ್ನಿಸಬೇಕೆಂದು ಹೇಳುತ್ತದೆ. ಕುರ್ಚಿಯ ಕೆಲಸಕ್ಕೆ ಇದು ಒಪ್ಪೀತು. ಕುಲುಮೆಯ ಮುಂದೆ ನಿಲ್ಲುವವನಿಗೆ ಎರಡು ವರ್ಷ ಕೊಡುವುದು ಉಪಕಾರವೋ ಶಿಕ್ಷೆಯೋ ಎಂಬುದನ್ನು ಅವನನ್ನೇ ಕೇಳಬೇಕು. ವರ್ಷ ವರ್ಷವೂ ಕೆಲವರನ್ನು ಸೇರಿಸಿಕೊಳ್ಳುತ್ತ, ಹೊರಡುವವನ ಕಡೆಯ ಎರಡು ವರ್ಷಗಳನ್ನು ಕಲಿಸುವುದಕ್ಕೆಂದೇ ಮೀಸಲಿಡುವುದು ನಮಗೆ ಹೆಚ್ಚು ಸಮಂಜಸವೆಂದು ತೋರುತ್ತದೆ.

‘ಇದೆಲ್ಲ ಕಾರ್ಖಾನೆಯವರ ಗೊಡವೆ, ಸಂಸಾರಸ್ಥರಿಗೇನು?’ ಎಂದು ವಾಚಕರು ಕೇಳಬಹುದು. ಬಹುಮಹಡಿಯ ಕಟ್ಟಡಗಳಲ್ಲಿ ವಾಸಿಸುವ ನಾವೆಲ್ಲರೂ ಒಡೆಯರೇ ಎಂಬುದು ನಮಗೆ ಮರೆತುಹೋಗುತ್ತದೆ. ನಮ್ಮ ದ್ವಾರಗಳಲ್ಲಿ ಕಾವಲು ಕುಳಿತವರಲ್ಲಿ ನರೆತ ತಲೆಗಳೆಷ್ಟು, ವಾಚಕರು ಎಣಿಸಿ ನೋಡಲಿ. ಭವಿಷ್ಯನಿಧಿಗೆ ಸೇರಿದ 1995ರ ಪಿಂಚಣಿ ಯೋಜನೆಯಂತೆ 58ಕ್ಕೆ ಪಿಂಚಣಿ ದೊರೆಯಬೇಕಾದರೆ ಹತ್ತು ವರ್ಷಗಳ ವಂತಿಗೆ ಸಂದಿರಬೇಕು. ಗುತ್ತಿಗೆದಾರನಿಂದ ಗುತ್ತಿಗೆದಾರನಿಗೆ ಕೈ ಬದಲಾಗುತ್ತ ಬಂದವನಿಗೆ ಆ ಲೆಕ್ಕ ಕೂಡಿಬರುವುದು ಕಷ್ಟ. ಕೂಡಿಬಂದರೂ, 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಆದುದರಿಂದಲೇ ಅವನು ಅರುವತ್ತೈದರಲ್ಲಿಯೂ ಸಮವಸ್ತ್ರ ತೊಟ್ಟು ರಾತ್ರಿ ಹನ್ನೆರಡು ಗಂಟೆಗಳ ಕಾಲ ಕೂರುತ್ತಾನೆ. ಮೂರನೆಯ ಜಾವದಲ್ಲಿ ಕಣ್ಣು ಮುಚ್ಚಿದರೆ ನಿವಾಸಿಗಳ ಸಭೆಯಲ್ಲಿ ದೂರು ಬರುತ್ತದೆ, ತರುಣನೊಬ್ಬನನ್ನು ತರಿಸಿರೆಂದು ಗೊತ್ತುವಳಿಯಾಗುತ್ತದೆ. ಮುದುಕ ಎಲ್ಲಿಗೆ ಹೋದನೆಂದು ನಡವಳಿಕೆಯ ಪುಸ್ತಕದಲ್ಲಿ ಬರೆಯುವ ಪದ್ಧತಿಯಿಲ್ಲ.

ಒಂದು ಲೆಕ್ಕವನ್ನು ಮುಂದಿನ ಸಭೆಗೆ ಒಯ್ಯಬಹುದು. ಹನ್ನೆರಡು ಗಂಟೆಗಳ ಎರಡು ಸರದಿಗೆ ಬದಲಾಗಿ ಎಂಟು ಗಂಟೆಗಳ ಮೂರು ಸರದಿ ಮಾಡಿದರೆ, ಇರುವವರ ಸಂಬಳವನ್ನು ಕತ್ತರಿಸದೆ, ಒಬ್ಬ ಆಳು ಹೆಚ್ಚು ಬೇಕು. ಅವನಿಗೆ ತಿಂಗಳಿಗೆ 16,000 ರೂಪಾಯಿ ತಗಲುವುದೆಂದಿಟ್ಟುಕೊಂಡರೆ, ನಲವತ್ತು ಮನೆಗಳ ಕಟ್ಟಡದಲ್ಲಿ ಮನೆಗೆ 400 ರೂಪಾಯಿ. ಆ ಹೊಸಬ ತರುಣನಾಗಲಿ, ರಾತ್ರಿಯ ಸರದಿ ಅವನದಾಗಲಿ; ಹಗಲಿನದು ಹಳಬನಿಗಿರಲಿ. ಯಾವ ಮನೆಯ ಮಗು ಶಾಲೆಯಿಂದ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಮನೆಯ ಅಜ್ಜಿಗೆ ಮೆಟ್ಟಿಲಿಳಿಯಲು ಕೈ ಕೊಡಬೇಕು ಎಂಬುದನ್ನು ಬಲ್ಲವನು ಅವನೇ.