ಮೊಬೈಲಿನಲ್ಲಿ ಸಿಗುವ ಪದವಿ, ಆಸ್ಪತ್ರೆಯಲ್ಲಿ ಸಲ್ಲದ ಪತ್ರ

ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಮಗಳನ್ನು ಮುಂದೆ ಎಲ್ಲಿಗೆ ಕಳುಹಿಸುವುದು? ಮನೆಯ ಹಿರಿಯರು ಸೇರಿ ಉತ್ತರ ಹುಡುಕುವ ಮುನ್ನವೇ ಮೊಬೈಲಿನ ಜಾಹೀರಾತು ಉತ್ತರ ನೀಡಿರುತ್ತದೆ. ಮನೆಯಲ್ಲೇ ಕುಳಿತು ಎರಡು ವರ್ಷಗಳಲ್ಲಿ ಆರೋಗ್ಯ ವಿಜ್ಞಾನದ ‘ಅಸೋಸಿಯೇಟ್ ಪದವಿ’ ಪಡೆಯಿರಿ, ಬಸ್ಸಿನ ಚಿಂತೆಯಿಲ್ಲ, ಹಾಸ್ಟೆಲಿನ ಖರ್ಚಿಲ್ಲ, ಪರ್ದಾದ ಸಮಸ್ಯೆಯೂ ಇಲ್ಲ. ಆತಂಕದಲ್ಲಿರುವ ತಂದೆ-ತಾಯಿಗೆ ಇದಕ್ಕಿಂತ ಇಷ್ಟವಾಗುವ ಮಾತು ಬೇರೆ ಯಾವುದಿದೆ?

ಆದರೆ ಆ ಪತ್ರ ಹಿಡಿದು ಆಸ್ಪತ್ರೆಯ ಬಾಗಿಲಿಗೆ ಹೋದವಳಿಗೆ ಒಳಗೆ ಪ್ರವೇಶ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ.

ಅಸೋಸಿಯೇಟ್ ಪದವಿ ಎಂಬುದು ಅಮೆರಿಕದ ಸಮುದಾಯ ಕಾಲೇಜುಗಳ ಎರಡು ವರ್ಷಗಳ ಪದವಿ. ಅಲ್ಲಿ ಅದಕ್ಕೆ ಮಾನ್ಯತೆಯಿದೆ. ಆದರೆ ಅಲ್ಲಿಯೂ ಈ ಪದವಿಯ ಮೂಲಕ ನರ್ಸ್ ಆಗಬಯಸುವವರು ಪಾಠವನ್ನು ಪರದೆಯಲ್ಲಿ ಓದಿದರೂ ತರಬೇತಿಯನ್ನು ರೋಗಿಯ ಹಾಸಿಗೆಯ ಪಕ್ಕದಲ್ಲೇ ಮುಗಿಸಬೇಕು, ಬಳಿಕ ಪರವಾನಗಿ ಪರೀಕ್ಷೆಯನ್ನೂ ಬರೆಯಬೇಕು. ನಮ್ಮಲ್ಲಿಗೆ ಬರುವಾಗ ಆ ತರಬೇತಿ ಬಿಟ್ಟುಹೋಗಿ ಜಾಹೀರಾತಷ್ಟೇ ಬಂದು ತಲುಪಿದೆ.

ಭಾರತದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೂರ ಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣದ ಕುರಿತ ಯುಜಿಸಿಯ 2020ರ ನಿಯಮಾವಳಿಯು ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಹಾಗೂ ಇತರ ಪ್ಯಾರಾಮೆಡಿಕಲ್ ವಿಷಯಗಳನ್ನು ಆ ಮಾರ್ಗದಲ್ಲಿ ಬೋಧಿಸುವುದನ್ನು ನಿಷೇಧಿಸಿದೆ. 2025ರ ಜುಲೈ-ಆಗಸ್ಟ್ ಶೈಕ್ಷಣಿಕ ಅವಧಿಯಿಂದ ಮನಶ್ಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಆಹಾರ ಮತ್ತು ಪೋಷಣಾ ವಿಜ್ಞಾನ, ಜೈವಿಕ ತಂತ್ರಜ್ಞಾನ, ಪಥ್ಯಾಹಾರ ಶಾಸ್ತ್ರಗಳಿಗೂ ಈ ನಿಷೇಧ ವಿಸ್ತರಿಸಿದೆ. ಇದಕ್ಕೆ ಆಧಾರವಾದ 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯು ಪ್ರಯೋಗಾಲಯ, ವಿಕಿರಣ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್ ಮುಂತಾದ ವಿಭಾಗಗಳ ಸಿಬ್ಬಂದಿಗೆ ನೋಂದಣಿಯನ್ನು ಕಡ್ಡಾಯಗೊಳಿಸುತ್ತದೆ. ಸಹಾಯಕ ಆರೋಗ್ಯ ವೃತ್ತಿಪರರೆನಿಸಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ, ಆರೋಗ್ಯ ವೃತ್ತಿಪರರೆನಿಸಲು ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಪದವಿ ಬೇಕು.

ಈ ಬಿಗಿ ಅನ್ಯಾಯವೇ? ಖಂಡಿತ ಅಲ್ಲ. ರಕ್ತ ತೆಗೆಯುವ ಕೈ ನಡುಗಬಾರದು. ಮಾದರಿಯ ಮೇಲಿನ ಹೆಸರು ಅದಲುಬದಲಾದರೆ ಒಬ್ಬರ ರೋಗ ಇನ್ನೊಬ್ಬರ ತಲೆಗೆ ಬೀಳುತ್ತದೆ. ಡಯಾಲಿಸಿಸ್ ಯಂತ್ರದ ಮುಂದೆ ಕುಳಿತವರ ಅರಿವಿನ ಮೇಲೆ ರೋಗಿಯ ಪ್ರಾಣ ನಿಂತಿರುತ್ತದೆ. ಇದನ್ನು ವಿಡಿಯೋ ನೋಡಿ ಕಲಿತವರ ಕೈಗೆ ನಮ್ಮ ತಾಯಿಯನ್ನು ಒಪ್ಪಿಸಲು ನಾವು ಸಿದ್ಧರಿದ್ದೇವೆಯೇ? ಇಲ್ಲವೆಂದಾದರೆ, ಹಾಗೆ ಕಲಿತು ಬಂದ ನಮ್ಮ ಮಗಳನ್ನು ಇತರರು ಒಪ್ಪಬೇಕೆಂದು ಬಯಸುವುದೂ ಸರಿಯಲ್ಲ.

ಮಾನ್ಯತೆಯಿಲ್ಲದ ಓದಿನ ಬೆಲೆ ಎಷ್ಟೆಂಬುದನ್ನು ಈ ರಾಜ್ಯ ಈಗಾಗಲೇ ಕಂಡಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸ್‌ಗಳಿಗೆ 2012-13ರ ಬಳಿಕ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಖಾಸಗಿ ಸಹಭಾಗಿಗಳ ಮೂಲಕ, ರಾಜ್ಯದ ಹೊರಗೂ ಕೋರ್ಸ್ ನಡೆಸಿದ್ದು ಮುಖ್ಯ ಆಕ್ಷೇಪವಾಗಿತ್ತು. 2018ರಲ್ಲಿ ಮಾನ್ಯತೆ ಮರಳಿತಾದರೂ ನಡುವಿನ ವರ್ಷಗಳಲ್ಲಿ ಓದಿದವರು ಅನುಭವಿಸಿದ ಪರದಾಟ ಸಣ್ಣದಲ್ಲ. ಸರಕಾರವೇ ಸ್ಥಾಪಿಸಿದ ಸಂಸ್ಥೆಯ ವಿದ್ಯಾರ್ಥಿಗಳ ಪಾಡು ಇದಾದರೆ, ವಿಳಾಸವೇ ಇಲ್ಲದ ಸಂಸ್ಥೆಗೆ ಶುಲ್ಕ ಕಟ್ಟಿದವರು ಯಾರ ಬಳಿ ದೂರಬೇಕು?

ಹಾಗೆಂದು ಪೋಷಕರನ್ನಷ್ಟೇ ದೂಷಿಸುವುದು ಸುಲಭದ ದಾರಿ. ಮಗಳು ಮನೆಯಲ್ಲೇ ಕಲಿಯಲಿ ಎಂಬ ಭಾವನೆ ಬೆಳೆಯಲು ಕಾರಣಗಳಿವೆ. 2022ರ ಫೆಬ್ರವರಿಯ ಸಮವಸ್ತ್ರ ಆದೇಶ ಮತ್ತು ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು ಶಿರವಸ್ತ್ರ ಧರಿಸುವ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನಲ್ಲಿ ನಿಲ್ಲಿಸಿದುವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ತರಗತಿಯ ಬಾಗಿಲು ಮುಚ್ಚಿದಲ್ಲಿ ಮೊಬೈಲಿನ ಪರದೆ ತೆರೆದುಕೊಳ್ಳುವುದು ಸಹಜ. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡುವ ಪಕ್ಷಗಳು ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.

ಆದರೆ ಬಾಗಿಲುಗಳೆಲ್ಲ ಮುಚ್ಚಿಲ್ಲ. ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಪ್ರದೇಶದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳ ಮೀಸಲಿದೆ. ಇದಕ್ಕೆ ಬೇಕಾದ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿ ನೀಡುತ್ತದೆ. ಎಲ್ಲಿಯದೋ ಆನ್‌ಲೈನ್ ಪತ್ರಕ್ಕೆ ಹಣ ಸುರಿಯುವವರು ಸಂವಿಧಾನ ಕೊಟ್ಟ ಈ ಹಕ್ಕನ್ನು ತಾವಾಗಿಯೇ ಕೈಬಿಡುತ್ತಿದ್ದಾರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟಿನ ಖರ್ಚಿಲ್ಲ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಹುಬ್ಬಳ್ಳಿಯಿಂದ ರೈಲೂ ಬಂತು.

ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಪೋಷಕರು ಮೂರು ಪ್ರಶ್ನೆಗಳನ್ನು ಕೇಳಲಿ. ಈ ಕೋರ್ಸ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಅಥವಾ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಪಟ್ಟಿಯಲ್ಲಿದೆಯೇ? ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ? ಮುಗಿಸಿದ ಬಳಿಕ ನೋಂದಣಿ ಸಿಗುತ್ತದೆಯೇ? ಹೊಸ ಕಾಯ್ದೆಯ ನಿಯಮಗಳು ಜಾರಿಗೆ ಬರುತ್ತಿರುವುದರಿಂದ ಅರ್ಹತೆಯನ್ನೂ ಆಯಾ ವರ್ಷವೇ ವಿಚಾರಿಸಿಕೊಳ್ಳುವುದು ಒಳಿತು. ಮೂರಕ್ಕೂ ಲಿಖಿತ ಉತ್ತರ ಸಿಗದಿದ್ದರೆ ಹಣ ಮನೆಯಲ್ಲೇ ಇರಲಿ. ಮನೆ ಬಿಟ್ಟು ಹೋಗುವ ಸ್ಥಿತಿಯಲ್ಲಿ ನಿಜಕ್ಕೂ ಇಲ್ಲದವರು ಯುಜಿಸಿ ಮಾನ್ಯತೆಯಿರುವ ಬಿಎ, ಬಿಕಾಂನಂಥ ಆನ್‌ಲೈನ್ ಪದವಿಗಳನ್ನು ಓದಬಹುದು; ಅವು ಸಾಮಾನ್ಯ ಪದವಿಗೆ ಸಮಾನ. ಕೇಂದ್ರ ಸರಕಾರದ ಸ್ವಯಂ ತಾಣದ ಪಾಠಗಳು ಕಾಲೇಜಿಗೆ ಹೋಗುವವರಿಗೂ ನೆರವಾಗಬಲ್ಲುವು. ಆನ್‌ಲೈನ್ ಶಿಕ್ಷಣ ಶತ್ರುವಲ್ಲ. ಅದು ಆಸ್ಪತ್ರೆಯ ಜಾಗವನ್ನು ತುಂಬಲಾರದು, ಅಷ್ಟೇ.

ಸಮುದಾಯದ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ನಮ್ಮ ಮನೆಯ ಸ್ತ್ರೀಯರ ಪರೀಕ್ಷೆಗೆ ಮಹಿಳಾ ಸಿಬ್ಬಂದಿಯೇ ಬೇಕೆಂದು ಆಸ್ಪತ್ರೆಯಲ್ಲಿ ಒತ್ತಾಯಿಸುವ ನಾವು, ಆ ಸಿಬ್ಬಂದಿಯಾಗಲು ನಮ್ಮ ಮಗಳನ್ನು ಕಳುಹಿಸಲು ಹಿಂಜರಿಯುವುದು ಎಂಥ ನ್ಯಾಯ? ಮದೀನಾದ ಪ್ರವಾದಿ ಮಸೀದಿಯ ಬಳಿಯ ಡೇರೆಯಲ್ಲಿ ಗಾಯಾಳುಗಳಿಗೆ ಶುಶ್ರೂಷೆ ಮಾಡಿದ ರುಫೈದಾ(ರ)ರನ್ನು ಸ್ಮರಿಸುವ ಸಮುದಾಯಕ್ಕೆ ಈ ಹಿಂಜರಿಕೆ ಶೋಭಿಸದು. ನಾಲ್ಕೂ ಪಟ್ಟಣಗಳ ಜಮಾಅತ್‌ಗಳು ಸೇರಿ ಕೊಪ್ಪಳದಲ್ಲಿ ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿಯೊಂದನ್ನು ಏರ್ಪಡಿಸುವುದು ಅಸಾಧ್ಯವಾದ ಕೆಲಸವಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ಪ್ಯಾರಾಮೆಡಿಕಲ್ ತರಬೇತಿ, ಅಲ್ಪಸಂಖ್ಯಾತರ ಹಾಸ್ಟೆಲಿನಲ್ಲಿ ಹೆಚ್ಚಿನ ಸ್ಥಾನ, ತರಗತಿಯ ವೇಳೆಗೆ ಹೊಂದುವ ಬಸ್ಸು, ಇವನ್ನು ಶಾಸಕರ ಮುಂದಿಡಬೇಕಾದವರೂ ಅವರೇ. ಮತ ಕೇಳಲು ಮೊಹಲ್ಲಾಗಳಿಗೆ ಬರುವವರಿಂದ ಶಾದಿ ಮಹಲಿಗೆ ಅನುದಾನ ಕೇಳುವ ನಾಲಗೆಗಳು ಒಂದು ಬಾರಿ ಇದನ್ನೂ ಕೇಳಲಿ.

ಯೌವನದ ಎರಡು ವರ್ಷಗಳು ಕಳೆದರೆ ಮರಳಿ ಬಾರವು. ಅವನ್ನು ಎಲ್ಲಿ ಹೂಡಬೇಕೆಂದು ನಿರ್ಧರಿಸುವಾಗ ಜಾಹೀರಾತಿನ ಮಾತಿಗಿಂತ ಕಾಯ್ದೆಯ ಮಾತಿಗೆ ಹೆಚ್ಚು ಬೆಲೆ ಕೊಡೋಣ.