ಸೋತ ಮರುದಿನದ ಹಾಜರಿ

ಕ್ರೀಡೆಯ ಸುತ್ತ ಹೆಣೆದ, ನಗಿಸುತ್ತಲೇ ಹುರುಪು ತುಂಬುವ ಟಿವಿ ಧಾರಾವಾಹಿಗಳೆಂದರೆ ನಮ್ಮಲ್ಲಿ ಕೆಲವರಿಗೆ ಅಸಡ್ಡೆ. ‘ಕೊನೆಗೆ ಗೆದ್ದೇ ಗೆಲ್ಲುತ್ತಾರೆ, ಅದರಲ್ಲೇನಿದೆ?’ ಎನ್ನುತ್ತಾರೆ. ಗೋಗಿಯಲ್ಲಿ ಬೋಧನಾಭ್ಯಾಸ ಮುಗಿಸಿ ಬಂದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ. ಅವುಗಳ ಸೆಳೆತ ಇರುವುದು ಗೆಲುವಿನಲ್ಲಲ್ಲ, ತಪ್ಪು ಮಾಡಿದವನನ್ನೂ ತನ್ನವನೆಂದು ಉಳಿಸಿಕೊಳ್ಳುವುದರಲ್ಲಿ.

ಎಂಟನೇ ತರಗತಿಯ ಖೋ-ಖೋ ಅಭ್ಯಾಸ ನನ್ನ ಪಾಲಿಗೆ ಬಂದಿತ್ತು. ಒಬ್ಬ ಹುಡುಗ ಖೋ ಸಿಕ್ಕೊಡನೆ ಎದ್ದು ಒಂದು ದಿಕ್ಕಿಗೆ ಹೆಜ್ಜೆ ಹಾಕುವನು, ಓಟಗಾರ ತಪ್ಪಿಸಿಕೊಂಡರೆ ಅಲ್ಲೇ ಹಿಂದಕ್ಕೆ ತಿರುಗುವನು. ಪ್ರತಿ ಸಲವೂ ಫೌಲ್. ‘ನೀ ಹೊರಗ ಕೂತು ಅಂಕ ಬರಿ’ ಎಂದುಬಿಟ್ಟೆ. ಅಂದು ವೀಕ್ಷಣಾ ಪುಸ್ತಕದಲ್ಲಿ ನನ್ನ ಶಿಸ್ತಿಗೆ ಮೆಚ್ಚುಗೆ ಸಿಕ್ಕಿತು. ಹುಡುಗ ಮಾತ್ರ ಮರುದಿನ ಶಾಲೆಗೆ ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ.

ಆ ದಿನಗಳಲ್ಲೇ ರಾತ್ರಿ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ‘ಮಾಲ್ಗುಡಿ ಡೇಸ್’ ನೋಡುತ್ತಿದ್ದೆ. ಆಗುಂಬೆಯಲ್ಲಿ ಚಿತ್ರೀಕರಿಸಿ ಶಂಕರ್ ನಾಗ್ ನಿರ್ದೇಶಿಸಿದ ಈ ಧಾರಾವಾಹಿ ದೂರದರ್ಶನದಲ್ಲಿ ಬಂದದ್ದು. ಆರ್.ಕೆ. ನಾರಾಯಣರ ಕಥೆಯ ಸ್ವಾಮಿ ಗೆಳೆಯರೊಡನೆ ಕ್ರಿಕೆಟ್ ತಂಡ ಕಟ್ಟುತ್ತಾನೆ. ಆದರೆ ಶಾಲೆಯ ಡ್ರಿಲ್ ತರಗತಿಯೇ ಅವನ ಅಭ್ಯಾಸಕ್ಕೆ ಅಡ್ಡಿ. ಮುಖ್ಯೋಪಾಧ್ಯಾಯರ ಬೆತ್ತಕ್ಕೆ ಹೆದರಿ ಓಡಿಹೋಗುತ್ತಾನೆ, ದಾರಿ ತಪ್ಪುತ್ತಾನೆ. ಅವನು ಸಿಗುವ ಹೊತ್ತಿಗೆ ಪಂದ್ಯ ಮುಗಿದು ತಂಡ ಸೋತಿರುತ್ತದೆ. ಗೆಲುವೇ ಇಲ್ಲದ ಈ ಕಥೆಯನ್ನು ಜನ ಇಂದಿಗೂ ಪ್ರೀತಿಯಿಂದ ನೋಡುತ್ತಾರೆ. ನಾನು ನೋಡುವಾಗ ಮಾತ್ರ ಆ ಬೆತ್ತ ನನ್ನ ಕೈಯಲ್ಲೇ ಇದ್ದಂತೆ ಅನಿಸಿತು.

ಈಚಿನ ‘ಟೆಡ್ ಲ್ಯಾಸೊ’ (2020) ಕೂಡ ಇದೇ ಜಾತಿಯದು. ಫುಟ್‌ಬಾಲ್ ನಿಯಮವೇ ಗೊತ್ತಿಲ್ಲದ ಅಮೆರಿಕದ ತರಬೇತುದಾರ ಇಂಗ್ಲೆಂಡಿನ ಕ್ಲಬ್ಬಿಗೆ ಬರುತ್ತಾನೆ. ಬಂದವನು ಆಟಗಾರರ ಬಟ್ಟೆಬರೆ ನೋಡಿಕೊಳ್ಳುವ ಕೆಲಸಗಾರನ ಹೆಸರು ಕೇಳುತ್ತಾನೆ. ಅದುವರೆಗೆ ಯಾರೂ ಕೇಳಿರಲಿಲ್ಲ. ಮೊದಲ ಸರಣಿಯ ಕೊನೆಗೆ ತಂಡ ಸೋತು ಕೆಳಗಿನ ಲೀಗಿಗೆ ಇಳಿಯುತ್ತದೆ. ಆದರೂ ನೋಡುಗರು ಅವನ ಕೈಬಿಡಲಿಲ್ಲ.

ಅದನ್ನು ನೆನೆದಾಗ ನನಗೆ ನಾಚಿಕೆಯಾಯಿತು. ನನ್ನ ಹುಡುಗ ನನಗೆ ಬರೀ ಹಾಜರಿ ಸಂಖ್ಯೆಯಾಗಿದ್ದ. ಹೆಸರು ಹುಡುಕಿಕೊಂಡು ಮನೆಗೆ ಹೋದೆ. ಅವ್ವನ ಜೊತೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದ. ಅಲ್ಲಿಗೇ ಹೋಗಿ ಕೇಳಿದರೆ, ‘ನಾ ಬಂದ್ರ ಟೀಮ್ ಸೋಲ್ತದ್ರೀ ಸರ’ ಎಂದು ನೆಲ ನೋಡಿದ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಧಾರಾವಾಹಿಯಲ್ಲಿ ಒಳ್ಳೆಯ ಮಾತೇ ಅರ್ಧ ಕೆಲಸ ಮಾಡಿಬಿಡುತ್ತದೆ. ತರಗತಿಯಲ್ಲಿ ಬರೀ ಬೆನ್ನು ತಟ್ಟಿದರೆ ಫೌಲ್ ನಿಲ್ಲುವುದಿಲ್ಲ. ದಿಕ್ಕು ಹಿಡಿದ ಮೇಲೆ ಹಿಂದಿರುಗುವಂತಿಲ್ಲ ಎಂಬ ನಿಯಮವನ್ನು ನಾನು ಬಾಯಲ್ಲಿ ಹೇಳಿದ್ದೆನೇ ಹೊರತು ಕಲಿಸಿರಲಿಲ್ಲ. ಈ ಸಲ ಸುಣ್ಣದಲ್ಲಿ ಗೆರೆ ಎಳೆದು, ಓಡಿಸದೆ ನಡೆಸಿದೆ. ‘ಮುಂದ ಹೋಗು, ಇಲ್ಲಾ ಇನ್ನೊಬ್ಬಗ ಖೋ ಕೊಡು’ ಎಂದು ಮತ್ತೆ ಮತ್ತೆ ಮಾಡಿಸಿದೆ. ನಾಲ್ಕು ದಿನದಲ್ಲಿ ಅವನ ಫೌಲ್ ಕಡಿಮೆಯಾದವು, ಪೂರಾ ನಿಲ್ಲಲಿಲ್ಲ. ಒಂಬತ್ತನೇ ತರಗತಿಯ ಎದುರು ನಾವು ಸೋತೆವು.

ಮರುದಿನ ಬೆಳಿಗ್ಗೆ ಹಾಜರಿ ಕರೆದೆ. ಸಂಖ್ಯೆ ಬಿಟ್ಟು ಹೆಸರು ಕೂಗಿದೆ. ‘ಬಂದೀನ್ರೀ ಸರ’ ಎಂದ.

ನಮ್ಮ ಪಾಠಯೋಜನೆಯಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂಬ ಕಾಲಂಗಳಿವೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಕೊನೆಗೆ ಒಂದು ಸಾಲು ಖಾಲಿ ಬಿಡಿ. ಇಂದು ಯಾರು ತಪ್ಪಿದರು, ನಾಳೆ ಅವರು ಬಂದರೇ ಎಂದು ಅಲ್ಲಿ ಬರೆಯಿರಿ.