ಹೊಸ ದೋಣಿಗೆ ರಿಬ್ಬನ್, ಹಳೇ ದೋಣಿಗೆ ಮೀಟರ್ ಬಡ್ಡಿ

ಊರಿಂದ ಕಾಶಿಗೆ ಬರೋ ನೆಂಟರು, ನೆಂಟರ ನೆಂಟರು, ಕೇದಾರ ಘಾಟ್‌ನಲ್ಲಿ ದೋಣಿ ಇಳಿದ ಮೇಲೆ ಎರಡು ಮಾತು ಹೇಳೇ ಹೇಳ್ತಾರೆ. ಒಂದು, "ಸುಲಿಗೆ ಮಾಡ್ತಾರಪ್ಪಾ ಇವ್ರು". ಇನ್ನೊಂದು, "ಈ ಲಟಾರಿ ದೋಣಿಗಳನ್ನೆಲ್ಲ ತೆಗೆದುಹಾಕಿ ಸರ್ಕಾರದೋರು ಒಳ್ಳೇ ಕ್ರೂಸ್ ಬಿಡಬಾರ್ದಾ?" ವರ್ಗವಾಗಿ ಇಲ್ಲಿಗೆ ಬಂದು, ಆಮೇಲೆ ಮಿರ್ಜಾಪುರ, ಜೌನ್‌ಪುರ ಅಂತ ಸುತ್ತಮುತ್ತಲೇ ಓಡಾಡಿಕೊಂಡು ಇಪ್ಪತ್ತೆರಡು ವರ್ಷ ಕಳೆದೋನು ನಾನು. ಮೊದಲನೇ ಮಾತಿಗೆ ನಕ್ಕು ಸುಮ್ಮನಾಗ್ತೀನಿ. ಎರಡನೇದಕ್ಕೆ ಮಾತ್ರ ಮೈ ಉರಿಯುತ್ತೆ. ಯಾಕಂದ್ರೆ ಇದೇ ಮಾತನ್ನ ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂತೋರೂ ಹೇಳ್ತಾರೆ, ಅವರ ಕೈಯಲ್ಲಿ ದುಡ್ಡೂ ಇರುತ್ತೆ.

ಅಲ್ಲಾ ಸ್ವಾಮಿ, ಮರದ ದೋಣಿಗೆ ಕಾರಿನ ಹಾಗೆ ಹದಿನೈದು ವರ್ಷದ ಆಯಸ್ಸು ಅಂತ ಇದೆಯಾ? ಕೊಳೆತ ಹಲಗೆ ಕಿತ್ತು ಬೇರೆ ಹಾಕ್ತಾರೆ. ಮುಂದಿನ ವರ್ಷ ಇನ್ನೊಂದು ಹಲಗೆ. ಅಪ್ಪನ ಕಾಲದ ದೋಣಿ ಅಂತ ಹೇಳಿಕೊಳ್ಳೋದರಲ್ಲಿ ಅಪ್ಪನ ಕಾಲದ ಮರ ಎಷ್ಟು ಉಳಿದಿದೆಯೋ ಆ ಕೇದಾರೇಶ್ವರನಿಗೇ ಗೊತ್ತು. ಆನೆಗೊಂದಿಯ ಹರಿಗೋಲು ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ತಳಕ್ಕೆ ಡಾಂಬರು ಬಳಿಯೋದು ನಿಂತ ವರ್ಷ ಅದು ಬರೀ ಬುಟ್ಟಿ. ದೋಣಿ ಮುಳುಗೋದು ಈ ವರ್ಷ ಆಗಬೇಕಿದ್ದ ರಿಪೇರಿ ಮುಂದಿನ ವರ್ಷಕ್ಕೆ ಹೋದಾಗ. ರಿಪೇರಿ ಮುಂದಕ್ಕೆ ಹೋಗೋದು ಕೈಯಲ್ಲಿ ಕಾಸಿಲ್ಲದಾಗ. ಇಷ್ಟು ಸರಳ ಲೆಕ್ಕಕ್ಕೆ ಬಿಕಾಂ ಕೂಡ ಬೇಕಾಗಿಲ್ಲ.

ಹೋದ ಚಳಿಗಾಲದಲ್ಲಿ ಕೇದಾರ ಘಾಟ್‌ನ ಪರಿಚಯದ ನಾವಿಕನೊಬ್ಬ ಸೆಕೆಂಡ್ ಹ್ಯಾಂಡ್ ದೋಣಿ ನೋಡೋಕೆ ರಾಜಘಾಟ್ ಕಡೆ ಹೊರಟ. ಕುತೂಹಲಕ್ಕೆ ನಾನೂ ಜೊತೆಗೆ ಹೋದೆ. ದೋಣಿ ಹಸಿರು-ಕೆಂಪು ಬಣ್ಣ ಹೊಡೆಸಿಕೊಂಡು ಮದುಮಗಳ ಹಾಗೆ ನಿಂತಿತ್ತು. ನಾನು ಚೆನ್ನಾಗಿದೆ ಅಂದೆ. "ಬಣ್ಣ ನೋಡಬೇಡಿ ಮ್ಯಾನೇಜರ್ ಸಾಬ್, ಅದು ಮಾರೋನು ಹಚ್ಚಿದ್ದು" ಅಂದ. ಅವನು ನೋಡಿದ್ದೇ ಬೇರೆ. ಕಾಲಡಿಯ ಹಲಗೆ ಎತ್ತಿಸಿ ತಳದಲ್ಲಿ ನಿಂತ ನೀರನ್ನ ಮೊದಲು ನೋಡಿದ, ಬೆರಳಲ್ಲಿ ಮುಟ್ಟಿ ಎಣ್ಣೆ ಇದೆಯಾ ಅಂತ ಮೂಸಿದ. ಒಂದು ಸ್ಕ್ರೂಡ್ರೈವರ್ ತಗೊಂಡು ನೀರು ತಾಗೋ ಗೆರೆಯ ಉದ್ದಕ್ಕೂ, ಮೊಳೆ ಹೊಡೆದ ಜಾಗದ ಸುತ್ತ ಚುಚ್ಚುತ್ತಾ ಹೋದ. ಮರ ಗಟ್ಟಿ ಇದ್ದರೆ ತುದಿ ಇಳಿಯಲ್ಲ, ಕೊಳೆತಿದ್ದರೆ ಬೆಣ್ಣೆಗೆ ಚುಚ್ಚಿದ ಹಾಗೆ ಹೋಗುತ್ತೆ. ತುಕ್ಕು ಹಿಡಿದ ಮೊಳೆ ಸುತ್ತಲಿನ ಮರವನ್ನೂ ತಿನ್ನುತ್ತಂತೆ. ಆಮೇಲೆ, ದೋಣಿಯನ್ನ ನೀರಿಗೆ ಇಳಿಸಿ ಒಂದು ರಾತ್ರಿ ಬಿಡಬೇಕು, ಬೆಳಿಗ್ಗೆ ಎಷ್ಟು ಬಕೆಟ್ ನೀರು ಎತ್ತಬೇಕಾಗುತ್ತೋ ನೋಡಿ ಬೆಲೆ ಮಾತಾಡೋಣ ಅಂತ ಹೇಳಿದ. ಬಹಳ ದಿನ ದಡದ ಮೇಲೆ ಒಣಗಿದ ದೋಣಿ ಮೊದಲ ದಿನ ಸೋರೋದು ಸಹಜ, ಮರ ನೀರು ಕುಡಿದು ಉಬ್ಬಿದ ಮೇಲೂ ಸೋರಿದರೆ ಮಾತ್ರ ಭಯ. ಸಾಲಕ್ಕೆ ಮುಂಚೆ ಆಸ್ತಿ ಪರೀಕ್ಷೆ ಮಾಡೋ ಎಷ್ಟೋ ಎಂಜಿನಿಯರುಗಳು ಇಷ್ಟು ಶ್ರದ್ಧೆಯಿಂದ ನೋಡಿದ್ದನ್ನ ನಾನು ಕಂಡಿಲ್ಲ.

ಇಂಜಿನ್ನಿನದು ಇನ್ನೊಂದು ಪುರಾಣ. ಈ ದೋಣಿಗಳಲ್ಲಿ ದಶಕಗಳಿಂದ ಓಡಿದ್ದು ನಮ್ಮ ಹೊಲದ ಪಂಪ್‌ಸೆಟ್ಟಿನ ಒಂಟಿ ಸಿಲಿಂಡರಿನ ಡೀಸೆಲ್ ಇಂಜಿನ್. ತಣ್ಣಗಾಗೋಕೆ ಹೊಳೆಯ ನೀರನ್ನೇ ಎಳೆದುಕೊಳ್ಳುತ್ತೆ, ನೀರಿನ ಜೊತೆ ಗಂಗೆಯ ಮರಳು, ಕೆಸರು ಒಳಗೆ ಹೋಗಿ ದಾರಿ ಕಟ್ಟಿಕೊಳ್ಳುತ್ತೆ. ಹೊಗೆ ನೀಲಿಯಾಗಿದ್ದರೆ ಇಂಜಿನ್ ಆಯಿಲ್ ಉರೀತಿದೆ, ಕಪ್ಪಾಗಿದ್ದರೆ ಡೀಸೆಲ್ ಸರಿಯಾಗಿ ಉರೀತಿಲ್ಲ, ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಒಳಗೆ ನೀರು ಸೇರಿದೆ. ಕೈಯಲ್ಲಿ ಹ್ಯಾಂಡಲ್ ತಿರುಗಿಸಿದಾಗ ಎದುರು ಒತ್ತು ಬರದಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಶಾಫ್ಟ್ ದೋಣಿಯಿಂದ ಹೊರಗೆ ಹೋಗೋ ಕಡೆ ಗ್ರೀಸ್ ಹಚ್ಚಿದ ಹಗ್ಗ ಸುತ್ತಿರ್ತಾರೆ, ಅದನ್ನ ಕಾಲಕಾಲಕ್ಕೆ ಬದಲಿಸದಿದ್ದರೆ ಅಲ್ಲಿಂದಲೇ ನೀರು ಒಳಗೆ. ಈ ಇಂಜಿನ್‌ಗೆ ಸಾವಿರ ಬೈಗುಳ ಬೈಯಿರಿ, ಕಿವಿ ಹರಿಯೋ ಶಬ್ದ, ಹೊಗೆ, ಎಲ್ಲ ನಿಜ. ಆದರೆ ಅದನ್ನ ಬಿಚ್ಚಿ ಜೋಡಿಸೋ ಮೆಕ್ಯಾನಿಕ್ ಪೂರ್ವಾಂಚಲದ ಪ್ರತಿ ಸಂತೆಯಲ್ಲೂ ಸಿಗ್ತಾನೆ.

ಈಗ ಸಿಎನ್‌ಜಿ ಕಾಲ. 2021ರಿಂದ ಗೇಲ್ ಸಂಸ್ಥೆಯ ಸಾಮಾಜಿಕ ಹೊಣೆಗಾರಿಕೆ ನಿಧಿಯಲ್ಲಿ ದೋಣಿಗಳ ಡೀಸೆಲ್ ತೆಗೆದು ಗ್ಯಾಸಿಗೆ ಬದಲಿಸಿದರು, ನಾವಿಕರಿಗೆ ಖರ್ಚಿಲ್ಲದೆ. ಒಳ್ಳೇ ಕೆಲಸ, ಹೊಗೆ ಕಮ್ಮಿ ಆಯ್ತು, ಇಂಧನದ ಖರ್ಚೂ ಇಳೀತು ಅಂತ ಅವರೇ ಹೇಳ್ತಾರೆ. ನಮೋ ಘಾಟ್ ಅಂತ ಈಗ ಕರೆಯೋ ಖಿಡಕಿಯಾ ಘಾಟ್‌ನಲ್ಲಿ ತೇಲೋ ಗ್ಯಾಸ್ ಬಂಕನ್ನೇ ಮಾಡಿದರು. ಇಲ್ಲಿವರೆಗೆ ನಾನೂ ಚಪ್ಪಾಳೆ ತಟ್ಟಿದೋನೇ. ಆದರೆ ಕೇಳಿ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಅಂತ ಒಂದಿಲ್ಲ. ಗ್ಯಾಸಿನದಕ್ಕೆ ಪ್ಲಗ್, ಕಾಯಿಲ್, ರೆಗ್ಯುಲೇಟರ್, ಪೈಪು ಎಲ್ಲ ಬೇಕು, ಎಲ್ಲಕ್ಕೂ ತೇವ ಅಂದರೆ ಆಗಲ್ಲ, ದೋಣಿಯಲ್ಲಿ ಇರೋದೇ ತೇವ. ಇನ್ನು ಸಿಲಿಂಡರ್. ವಾಹನದ ಸಿಎನ್‌ಜಿ ಸಿಲಿಂಡರನ್ನ ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಿಸಬೇಕು, ಅದು ನಿಯಮ. 2021-22ರಲ್ಲಿ ಕೂರಿಸಿದ್ದಕ್ಕೆ 2024-25ರಲ್ಲೇ ಗಡುವು ಮುಗೀತು. ಕೂರಿಸೋ ದಿನ ಫೋಟೋಗೆ ನಿಂತೋರು ಪರೀಕ್ಷೆಯ ದಿನ ಇರಲ್ಲ. ಆ ಖರ್ಚು, ಸಿಲಿಂಡರ್ ಬಿಚ್ಚಿ ಹೊತ್ತುಕೊಂಡು ಹೋದ ದಿನಗಳ ಸಂಪಾದನೆ ನಷ್ಟ, ಎರಡೂ ದೋಣಿಯವನ ತಲೆ ಮೇಲೆ.

ಇದು ಸಿಎನ್‌ಜಿ ಒಂದರ ಕಥೆಯಲ್ಲ. 2016ರ ಮೇ 1ಕ್ಕೆ ಅಸ್ಸಿ ಘಾಟ್‌ನಲ್ಲಿ ಪ್ರಧಾನಿಗಳೇ ಬಂದು ನಾವಿಕರಿಗೆ ಇ-ಬೋಟ್ ಹಂಚಿದರು. ಬ್ಯಾಟರಿಗೆ ಆಯಸ್ಸು ಇರೋದೇ ಕೆಲವು ವರ್ಷ. ಎರಡನೇ ಬ್ಯಾಟರಿ ಯಾರ ಲೆಕ್ಕದಲ್ಲಿ ಅಂತ ಅವತ್ತಿನ ಭಾಷಣಗಳಲ್ಲಿ ಹುಡುಕಿದರೆ ಸಿಗಲ್ಲ. 2018ರಲ್ಲಿ ಅಲಕನಂದಾ ಕ್ರೂಸ್, 2023ರ ಜನವರಿಯಲ್ಲಿ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್, 2024ರ ಫೆಬ್ರವರಿಯಲ್ಲಿ ಕೊಚ್ಚಿಯಲ್ಲಿ ಕಾಶಿಗೋಸ್ಕರ ಕಟ್ಟಿದ ಹೈಡ್ರೋಜನ್ ದೋಣಿ. ಪ್ರತಿಯೊಂದಕ್ಕೂ ರಿಬ್ಬನ್, ಹಸಿರು ನಿಶಾನೆ. ಮರದ ದೋಣಿಯ ತಳಕ್ಕೆ ಡಾಂಬರು ಬಳಿಯೋ ಕಾರ್ಯಕ್ರಮಕ್ಕೆ ಯಾವ ಮಂತ್ರಿಯೂ ಬಂದಿದ್ದು ನಾನು ಕಾಣೆ.

ಈಗ ನನ್ನ ಕಸುಬಿಗೆ ಬರ್ತೀನಿ. ಕೇದಾರ ಘಾಟ್‌ನ ಆ ಕೆಂಪು-ಬಿಳಿ ಪಟ್ಟೆಯ ಮೆಟ್ಟಿಲ ಮೇಲೆ ನಿಂತು ಒಮ್ಮೆ ಸುತ್ತ ನೋಡಿ. ಮೆಟ್ಟಿಲಲ್ಲಿ ಹೂವು, ದೀಪ ಮಾರೋಳಿಗೆ 2020ರಿಂದ ಪಿಎಂ ಸ್ವನಿಧಿ ಇದೆ. ದೋಣಿ ಕಟ್ಟೋ ಬಡಗಿಗೆ 2023ರ ಸೆಪ್ಟೆಂಬರ್ 17ರಿಂದ ಪಿಎಂ ವಿಶ್ವಕರ್ಮ ಇದೆ, ಅದರ 18 ಕಸುಬುಗಳಲ್ಲಿ ದೋಣಿ ಕಟ್ಟೋದೂ ಒಂದು, ಮೊದಲು 1 ಲಕ್ಷ, ಆಮೇಲೆ 2 ಲಕ್ಷ, ಬಡ್ಡಿ ವರ್ಷಕ್ಕೆ ಶೇಕಡಾ 5. ಬಲೆ ಹಾಕಿ ಮೀನು ಹಿಡಿಯೋನಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಅದೇ ನಿಷಾದರ ಮನೆಯ ಇನ್ನೊಬ್ಬ ಮಗ, ಅದೇ ಅಳತೆಯ ದೋಣಿಯಲ್ಲಿ ಬಲೆಯ ಬದಲು ನಮ್ಮ ನಿಮ್ಮ ಅತ್ತೆ-ಮಾವನ್ನ ಕೂರಿಸಿಕೊಂಡು ಹೋಗ್ತಾನಲ್ಲ, ಅವನ ಹೆಸರಿಗೆ ಹೀಗೊಂದು ಯೋಜನೆ ತೋರಿಸಿ ನೋಡೋಣ! ಅವನಿಗೆ ಇರೋದು ಮಹಾಜನ. ಅಲ್ಲೂ ದರ ಐದೇ. ನಾನು ಘಾಟ್‌ನಲ್ಲಿ ಕೇಳಿದ್ದು ನೂರಕ್ಕೆ ಐದು ರೂಪಾಯಿ, ತಿಂಗಳಿಗೆ. ಲೆಕ್ಕಕ್ಕೆ 40,000 ರೂಪಾಯಿಯ ರಿಪೇರಿ ಅಂತಿಟ್ಟುಕೊಳ್ಳಿ. ವಿಶ್ವಕರ್ಮದ ಬಡ್ಡಿಯಲ್ಲಿ ವರ್ಷಕ್ಕೆ 2,000, ಮಹಾಜನನ ಬಡ್ಡಿಯಲ್ಲಿ ತಿಂಗಳಿಗೆ 2,000. ಬಡಗಿಗೆ ಉಳಿ-ಸುತ್ತಿಗೆಗೆ ಅಗ್ಗದ ಸಾಲ, ಬಡಗಿಯ ಕೈಗೆ ಕೆಲಸ ಕೊಡೋ ಗಿರಾಕಿಗೆ ಮೀಟರ್ ಬಡ್ಡಿ. ಇದನ್ನ ಬರೆದ ಪುಣ್ಯಾತ್ಮ ದೋಣಿ ಅಂದರೆ ಒಮ್ಮೆ ಕಟ್ಟಿ ಮುಗಿಸೋ ದೇವಸ್ಥಾನ ಅಂದುಕೊಂಡಿರಬೇಕು.

ಹಾಗಾದರೆ ಮುದ್ರಾ ಇದೆಯಲ್ಲ ಅಂತೀರಿ. ಇದೆ. 2015ರಿಂದ ಇದೆ, 'ಶಿಶು' ಅಂತ 50,000ದವರೆಗೆ, ಅಡಮಾನ ಬೇಡ. ರಿಪೇರಿಗೆ ಹೇಳಿ ಮಾಡಿಸಿದ ಮೊತ್ತ. ದೋಣಿಗೆ ಕೊಡಬೇಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಆದರೆ ಶಾಖೆಯಲ್ಲಿ ಕೂತ ಹುಡುಗನಿಗೆ ಸಾಲ ಅಂದರೆ ಹೊಸ ವಸ್ತುವಿನ ಕೊಟೇಶನ್, ಡೀಲರ್ ಹೆಸರಿಗೆ ಡಿಡಿ. ಇ-ರಿಕ್ಷಾ ಅಂದರೆ ಮೂರು ದಿನದಲ್ಲಿ ಮಂಜೂರು. ನಾನು ಹೇಳಿದ ನಾವಿಕ ಒಂದು ಬ್ಯಾಂಕಿಗೆ ಹೋಗಿದ್ದ, ಹೆಸರು ಬೇಡ. "ಆರ್‌ಸಿ ತಗೊಂಡು ಬಾ" ಅಂದರಂತೆ. ದೋಣಿಗೆ ಆರ್‌ಸಿ! ಅವನ ಹತ್ತಿರ ಇದ್ದದ್ದು ಸ್ಟಾಂಪ್ ಪೇಪರಿನ ಮಾರಾಟ ಪತ್ರ, ನಗರ ನಿಗಮದ ಲೈಸೆನ್ಸ್. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂತು, ಯಂತ್ರದ ದೋಣಿಗೆ ನೋಂದಣಿ ಅಂತ ಅದರಲ್ಲಿದೆ. ಆದರೆ ಕೌಂಟರಿನ ಆಚೆ ಕೂತೋನಿಗೆ ಆರ್‌ಟಿಓ ಬಿಟ್ಟು ಇನ್ನೊಂದು ಕಚೇರಿ ಈ ಭೂಮಿ ಮೇಲೆ ಇರೋದೇ ಗೊತ್ತಿಲ್ಲ.

ನಮ್ಮ ಬ್ಯಾಂಕ್ ಮಿತ್ರರು ಒಂದು ಗಟ್ಟಿ ವಾದ ಹೂಡ್ತಾರೆ, ಅದನ್ನ ತಳ್ಳಿಹಾಕೋಕೆ ಆಗಲ್ಲ. ಠೇವಣಿ ಇಟ್ಟ ಜನರ ದುಡ್ಡಿದು, ನಾಳೆ ತೇಲಿಹೋಗೋ ಹಳೇ ಮರಕ್ಕೆ ಹೆಂಗೆ ಕೊಡೋದು? ನಿಜ, ಮರದ ಬೆಲೆ ನೋಡಿ ಕೊಟ್ಟರೆ ಮುಳುಗಿದ ಹಾಗೇ. ಆದರೆ ದೋಣಿಯ ಬೆಲೆ ಮರದಲ್ಲಿ ಇಲ್ಲವೇ ಇಲ್ಲ. ಈ ಘಾಟ್‌ಗಳಲ್ಲಿ ಯಾರು ಎಲ್ಲಿ ಯಾತ್ರಿಕರನ್ನ ಹತ್ತಿಸಬೇಕು ಅನ್ನೋದು ತಲೆಮಾರುಗಳಿಂದ ಮನೆತನದ ಹಕ್ಕಾಗಿ, ಸರದಿಯಾಗಿ ಬಂದದ್ದು. ನೀವು ದುಡ್ಡು ಕೊಟ್ಟು ದೋಣಿ ಕೊಂಡರೂ ಕೇದಾರ ಘಾಟ್‌ನ ಸರದಿ ಕೊಂಡ ಹಾಗಲ್ಲ. (ಕಾಶಿಯಲ್ಲಿ ಹಳೇ ದೋಣಿ ತಗೊಂಡು ಬಾಡಿಗೆಗೆ ಬಿಟ್ಟರೆ ಹೇಗೆ ಅಂತ ನಿವೃತ್ತಿಯ ಗಂಟು ಹಿಡಿದು ಕೇಳೋ ನಮ್ಮೂರಿನ ಮಹನೀಯರು ಇದನ್ನ ಎರಡು ಸಲ ಓದಿಕೊಳ್ಳಿ.) ಸರದಿ ಇರೋನಿಗೆ ದಿನದ ಸಂಪಾದನೆ ಇದೆ. ಕುಮಾರಸ್ವಾಮಿ ಮಠ, ಕೇದಾರೇಶ್ವರ, ನಾಲ್ಕು ಹೆಜ್ಜೆ ಆಚೆ ಹರಿಶ್ಚಂದ್ರ ಘಾಟ್, ಅದರಾಚೆ ನಮ್ಮ ಕರ್ನಾಟಕ ಘಾಟ್. ದಕ್ಷಿಣದ ಜನ ಇಲ್ಲಿ ಬರೋದು ನಿಲ್ಲಲ್ಲ. ಸಾಲ ಕೊಡಬೇಕಾದ್ದು ಆ ಸಂಪಾದನೆ ನೋಡಿ. ಮಹಾಜನ ಓದಿದ್ದು ಎಂಟನೇ ಕ್ಲಾಸು, ಅವನಿಗೆ ಇದು ಗೊತ್ತು.

ಆಮೇಲೆ ನೆರೆ. ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 2025ರ ಆಗಸ್ಟ್‌ನಲ್ಲೂ ದಾಟಿತು. ಅದಕ್ಕೆ ಮುಂಚೆಯೇ ದೋಣಿ ಓಡಿಸೋದು ನಿಷೇಧ ಆಗುತ್ತೆ, ಸರಿಯೇ. ಆ ದಿನಗಳಲ್ಲಿ ನಾವಿಕ ನಿದ್ದೆ ಮಾಡಲ್ಲ. ನೀರು ಏರಿದ ಹಾಗೆ ಹಗ್ಗ ಸಡಿಲಿಸಬೇಕು, ಇಳಿದ ಹಾಗೆ ಎಳೀಬೇಕು, ಇಲ್ಲದಿದ್ದರೆ ದೋಣಿ ಮೆಟ್ಟಿಲ ಮೇಲೆ ಒರಗಿ ಸೊಂಟ ಮುರ್ಕೊಳ್ಳುತ್ತೆ. ನಗ್ವಾ, ಸಾಮ್ನೇ ಘಾಟ್ ಕಡೆ ಗಲ್ಲಿಗಳಿಗೆ ನೀರು ನುಗ್ಗಿದಾಗ ಜನರನ್ನ ದಾಟಿಸೋಕೆ ಎನ್‌ಡಿಆರ್‌ಎಫ್ ಜೊತೆ ಮತ್ತೆ ಇವೇ ಲಟಾರಿ ದೋಣಿಗಳು ಬೇಕು. ಸಂಪಾದನೆ ಸೊನ್ನೆ, ಕಂತು ಮಾತ್ರ ತಿಂಗಳ ಐದನೇ ತಾರೀಕಿಗೆ ಸರಿಯಾಗಿ. ನಮ್ಮ ನಿಯಮ ಗೊತ್ತಲ್ಲ, 90 ದಿನ ಬಾಕಿ ಆದರೆ ಸಾಲ ಕೆಟ್ಟ ಹಾಗೆ. ಆದರೆ ರೈತನ ಬೆಳೆ ಸಾಲಕ್ಕೆ ಅದೇ ಲೆಕ್ಕ ಅಲ್ಲ, ಅಲ್ಪಾವಧಿ ಬೆಳೆಗೆ ಎರಡು ಹಂಗಾಮು ನೋಡ್ತೀವಿ. ಹೊಲದವನಿಗೆ ಹಂಗಾಮು ಇದೆ ಅಂತ ಒಪ್ಪಿದೋರಿಗೆ ಹೊಳೆಯವನಿಗೂ ಹಂಗಾಮು ಇದೆ ಅಂತ ಯಾಕೆ ಹೊಳೆಯಲ್ಲ?

ನನ್ನೂರು ಸಾಗರದ ಕಡೆ. ಸಿಗಂದೂರಿಗೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚನ್ನ ಬೈಯದೇ ಇದ್ದ ದಿನ ಇಲ್ಲ, 2025ರ ಜುಲೈನಲ್ಲಿ ಸೇತುವೆ ಆಗೋವರೆಗೂ ಬೈದೆವು. ಆದರೂ ಅದು ಕೆಟ್ಟಾಗ ರಿಪೇರಿ ಮಾಡಿಸೋಕೆ ಒಂದು ಇಲಾಖೆ ಇತ್ತು. ಇಲ್ಲಿ ಒಬ್ಬೊಬ್ಬ ನಾವಿಕನೂ ತಾನೇ ಇಲಾಖೆ, ತಾನೇ ಬಜೆಟ್.

ದಾರಿ ಏನು ಅಂತ ಕೇಳೋರಿಗೆ ನಾನು ದೆಹಲಿ ಕಡೆ ಕೈ ತೋರಿಸಲ್ಲ, ಉಡುಪಿ ಕಡೆ ತೋರಿಸ್ತೀನಿ. 1925ರಲ್ಲಿ ನೇಕಾರರ ಕಷ್ಟ ನೋಡಿ ಅಲ್ಲಿ ಶುರುವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಆಗಿ 2020ರಲ್ಲಿ ಕೆನರಾದಲ್ಲಿ ಸೇರಿದ್ದು, 1928ರಲ್ಲೇ ಪಿಗ್ಮಿ ತಂದಿತ್ತು. ಮನೆ ಬಾಗಿಲಿಗೆ ಏಜೆಂಟ್ ಹೋಗಿ ದಿನಕ್ಕೆ ಎರಡಾಣೆ ಆದರೂ ಸರಿ ಎತ್ತಿಕೊಂಡು ಬರೋದು. ಇದನ್ನ ಓದೋರಲ್ಲಿ ಅರ್ಧ ಜನ ಪಿಗ್ಮಿ ಪಾಸ್‌ಬುಕ್ ಇದ್ದ ಮನೆಯಲ್ಲೇ ಬೆಳೆದೋರು. ಮಹಾಜನ ಘಾಟ್‌ನಲ್ಲಿ ಈಗಲೂ ಮಾಡೋದು ಅದನ್ನೇ, ಸಂಜೆ ಆರತಿ ಮುಗಿದ ಮೇಲೆ ಬಂದು ದಿನದ ಕಾಸು ಎತ್ತಿಕೊಂಡು ಹೋಗ್ತಾನೆ. ಬ್ಯಾಂಕಿನ ಏಜೆಂಟ್ ಆ ಹೊತ್ತಿಗೆ ಗೌರಿಕುಂಡದ ಹತ್ತಿರ ಒಂದು ಯಂತ್ರ ಹಿಡಿದು ನಿಂತರೆ ಸಾಕು. ನಗರ ನಿಗಮದ ಲೈಸೆನ್ಸೇ ದಾಖಲೆ, ಬಡಗಿ-ಮೆಕ್ಯಾನಿಕ್ಕಿನ ಚೀಟಿಯೇ ಕೊಟೇಶನ್, 50,000ದವರೆಗೆ ರಿಪೇರಿ ಮಿತಿ, ಅಕ್ಟೋಬರಿನಿಂದ ಜೂನ್‌ವರೆಗೆ ದಿನದ ಲೆಕ್ಕದಲ್ಲಿ ವಸೂಲಿ, ನೆರೆಯ ತಿಂಗಳುಗಳಿಗೆ ಬಿಡುವು. ಈ ಪ್ರಸ್ತಾವವನ್ನ ಬರೆದು ಮೇಲಿನ ಕಚೇರಿಗೆ ಕಳಿಸಿ ಹದಿನಾಲ್ಕು ತಿಂಗಳಾಯ್ತು. ಕಡತ "ಪರಿಶೀಲನೆಯಲ್ಲಿದೆ". ಅದೇ ವಿಭಾಗದಿಂದ ಹೋದ ವಾರ ಇನ್ನೊಂದು ಸುತ್ತೋಲೆ ಬಂದಿದೆ, ಹೊಸ ಇ-ರಿಕ್ಷಾ ಸಾಲದ ಗುರಿ ಹೆಚ್ಚಿಸಿ ಅಂತ.